ಓದುಗರ ಪ್ರಶ್ನೆ, ನಮ್ಮ ಉತ್ತರ: ಬೂದಿಗುಡ್ಡ, ಕಣಜದ ರಾಣಿ ಮತ್ತು 5,154 ಜನ ಲೇಖಕರು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಸಂಶೋಧನೆ ಬಗ್ಗೆನೇ ಇವೆ, ಪಿಎಚ್‌ಡಿ ಅಡ್ಮಿಷನ್ ಟೈಮ್ ಇರ್ಬೇಕು. ಹಾಗಾಗಿ ಬೇರೆ ವಿಷಯದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ.

ಪ್ರಶ್ನೆ: ನಮ್ಮಣ್ಣನ ಮಗ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡ್ತಿದಾನೆ. ಅವನ ಲ್ಯಾಬ್ ನೋಡಿ ಬಂದಿದೀನಿ, ಮಷೀನು ಗಿಷೀನು ಎಲ್ಲ ಜೋರಾಗಿದೆ. ಈಗ ನನ್ನ ಮಗಳು ಇತಿಹಾಸದಲ್ಲಿ ಸಂಶೋಧನೆ ಮಾಡ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ಆಗಿಹೋದದ್ದರಲ್ಲಿ ಹೊಸದಾಗಿ ಹುಡುಕೋದು ಏನಿರುತ್ತೆ? ನಾಲ್ಕು ಹಳೇ ಪುಸ್ತಕ ನೋಡಿ ಐದನೇದು ಬರೆಯೋದು ತಾನೆ?
– ಒಬ್ಬ ತಂದೆ, ರಾಣೆಬೆನ್ನೂರು

ಉತ್ತರ: ಯಜಮಾನ್ರೇ, ಸಿಟ್ಟಾಗ್ಬೇಡಿ, ಒಂದ್ಸಲ ಮಗಳನ್ನ ಕರ್ಕೊಂಡು ಬಳ್ಳಾರಿಗೆ ಹೋಗಿ ಬನ್ನಿ. ನಿಮ್ಮೂರಿಂದ ಅಂಥಾ ದೂರ ಏನಲ್ಲ. ಸಂಗನಕಲ್ಲು, ಕಪ್ಪಗಲ್ಲು, ಕುಡತಿನಿ ಈ ಸುತ್ತಮುತ್ತ ಬೂದಿಗುಡ್ಡಗಳಿವೆ, ಬೂದಿ ಅಂದ್ರೆ ನಿಜವಾಗ್ಲೂ ಬೂದಿ, ಕೆಲವು ಕಡೆ ಕರಗಿ ಗಾಜಿನ ಥರ ಗಟ್ಟಿಯಾಗಿ ಕೂತಿರೋದು. ಭೀಮ ಕೊಂದ ಹಿಡಿಂಬನ್ನ ಸುಟ್ಟ ಬೂದಿ ಅಂತ ಆ ಕಡೆ ಜನ ಹೇಳ್ತಿದ್ರು. ಬ್ರಿಟಿಷರ ಕಾಲದಲ್ಲಿ ನೋಡಿದವರು ಏನೇನೋ ಅಂದ್ಕೊಂಡ್ರು, ಸಾಮೂಹಿಕವಾಗಿ ಹೆಣ ಸುಟ್ಟ ಜಾಗ ಅಂತ ವಾದ ಮಾಡಿದವರೂ ಇದ್ರು. ಇದು ದನದ ಸಗಣಿ ಸುಟ್ಟ ಬೂದಿ ಕಣ್ರೀ ಅಂತ ಹೇಳಿದ್ದು ರಾಬರ್ಟ್ ಬ್ರೂಸ್ ಫೂಟ್. ಅವನು ಇತಿಹಾಸದವನೇ ಅಲ್ಲ, ಜಿಯಾಲಜಿಕಲ್ ಸರ್ವೆಯ ಭೂವಿಜ್ಞಾನಿ. ಕಲ್ಲು ನೋಡೋಕೆ ಅಂತ ಊರೂರು ತಿರುಗ್ತಾ ಇದ್ದವನು 1863ರಲ್ಲಿ ಮದ್ರಾಸ್ ಹತ್ತಿರ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಹೆಕ್ಕಿದ, ಅಲ್ಲಿಂದ ನಮ್ಮ ದೇಶದ ಪ್ರಾಗಿತಿಹಾಸದ ಕಥೆನೇ ಶುರುವಾಯ್ತು. ಬಳ್ಳಾರಿಯಲ್ಲಿ ಅವನ ಹೆಸರಲ್ಲಿ ಮ್ಯೂಸಿಯಂ ಇದೆ, ಅದನ್ನೂ ನೋಡಿ.

ಸರಿ, ಫೂಟ್ ಹೇಳಿದ ಅಂತ ಎಲ್ಲ ಒಪ್ಪಲಿಲ್ಲ. ಜಗಳ ಬಗೆಹರಿದದ್ದು 1960ರ ಹೊತ್ತಿಗೆ, ಝೋಯ್ನರ್ ಅನ್ನೋ ವಿಜ್ಞಾನಿ ಆ ಬೂದಿನ ಮೈಕ್ರೋಸ್ಕೋಪಿಗೆ ಹಾಕಿ ಸಗಣಿನೇ ಅಂತ ತೋರಿಸಿದ ಮೇಲೆ. ಅದಕ್ಕೂ ಮುಂಚೆ 1957ರಲ್ಲಿ ಆಲ್ಚಿನ್ ಅನ್ನೋ ಪುರಾತತ್ವಜ್ಞ ಈಗಿನ ತೆಲಂಗಾಣದ ಉತ್ನೂರಲ್ಲಿ ಇಂಥದ್ದೇ ಒಂದು ದಿಬ್ಬ ಅಗೆದಿದ್ರು. ಅಲ್ಲಿ ಬೇಲಿಗೆ ಕಂಬ ನೆಟ್ಟ ಗುಳಿಗಳು ಸಾಲಾಗಿ ಸಿಕ್ಕವು, ಅದಕ್ಕಿಂತ ಮಜಾ ಅಂದ್ರೆ ದನದ ಗೊರಸಿನ ಗುರುತು ಸಿಕ್ತು, ನಾಲ್ಕು ಸಾವಿರ ವರ್ಷದ ಹಿಂದೆ ಯಾವುದೋ ದನ ತುಳಿದು ಹೋದ ಗುರುತು ಹಾಗೇ ಉಳಿದುಬಿಟ್ಟಿದೆ. ಅಂದ್ಮೇಲೆ ಅದು ದೊಡ್ಡಿ.

ಇಲ್ಲಿಗೆ ನಿಮ್ಮಣ್ಣನ ಮಗನ ಕೆಲಸ ಮುಗೀತು ಅಂತಿಟ್ಕೊಳ್ಳಿ. ಸಗಣಿ ಅಂತ ಗೊತ್ತಾಯ್ತು, ಜೋರು ಶಾಖಕ್ಕೆ ಕರಗಿದೆ ಅಂತಲೂ ಗೊತ್ತಾಯ್ತು. ಆದ್ರೆ ಹೊಲಕ್ಕೆ ಹಾಕೋ ಗೊಬ್ಬರನ ರಾಶಿ ರಾಶಿ ಸುಟ್ಟಿದ್ದಾದ್ರೂ ಯಾಕೆ? ಇದನ್ನ ಯಾವ ಮಷೀನೂ ಹೇಳಲ್ಲ. ಆಲ್ಚಿನ್ ಅವರು ಇವತ್ತಿನ ಹಬ್ಬಗಳ ಕಡೆ ತಿರುಗಿ ನೋಡಿದ್ರು, ನಮ್ಮ ಮೈಸೂರು ಮಂಡ್ಯ ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸ್ತಾರಲ್ಲ, ಅಂಥ ಬೆಂಕಿ ಆಚರಣೆಯ ಬೇರು ಅಲ್ಲಿರಬಹುದು ಅಂತ. ಆಮೇಲೆ ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರದ ಕಡೆ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆಸಿದ್ರು. ದೊಡ್ಡಿ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗ, ಮಾಂಸ ಕಡಿದ ನೆಲ, ಕಲ್ಲಿನ ಹತ್ಯಾರು ಮಾಡ್ತಿದ್ದ ಜಾಗ ಎಲ್ಲ ಸಿಕ್ತು, ಹಾಗಾಗಿ ಇದು ಬರೀ ಹಬ್ಬದ ಜಾಗ ಅಲ್ಲ, ಊರೇ ಇತ್ತು, ಗುಡ್ಡೆ ಬಿದ್ದ ಸಗಣಿನ ಆಗಾಗ ಸುಟ್ಟು ಹಾಕ್ತಿದ್ರು ಅನ್ನೋ ಕಡೆಗೆ ಅವರ ವಾದ. ಇವತ್ತಿಗೂ ಪೂರ್ತಿ ಇತ್ಯರ್ಥ ಆಗಿಲ್ಲ. ನಿಮ್ಮ ಮಗಳು ಹೋಗಿ ಕೂರೋದು ಇಂಥ ಜಾಗದಲ್ಲಿ.

ಇನ್ನೂ ಇದೆ ತಡೀರಿ. ಆ ಜನ ಊಟ ಏನ್ಮಾಡ್ತಿದ್ರು ಅನ್ನೋದನ್ನ ಹುಡುಕಿದ್ದು ಸಸ್ಯದ ಬಗ್ಗೆ ಓದಿದವರು. ಅಗೆದ ಮಣ್ಣನ್ನ ನೀರಿಗೆ ಹಾಕಿ ಕಲಕಿದ್ರೆ ಮಣ್ಣು ತಳಕ್ಕೆ ಹೋಗುತ್ತೆ, ಸುಟ್ಟು ಇದ್ದಿಲಾದ ಕಾಳು ಮೇಲೆ ತೇಲುತ್ತೆ, ಅದನ್ನ ಸಣ್ಣ ಜರಡಿಯಲ್ಲಿ ಹಿಡಿದು ಒಣಗಿಸಿ ಒಂದೊಂದೇ ಕಾಳು ಲೆನ್ಸ್ ಕೆಳಗಿಟ್ಟು ನೋಡ್ತಾರೆ. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಇವರೆಲ್ಲ ಸೇರಿ ಈ ಭಾಗದಲ್ಲಿ ಮಾಡಿದ ಕೆಲಸದಲ್ಲಿ ಸಿಕ್ಕಿದ್ದು ಏನು ಗೊತ್ತಾ, ಹುರುಳಿ, ಹೆಸರು, ಕೊರಲೆ. ಭತ್ತ ಗೋಧಿ ನಮಗೆ ಹೊರಗಿಂದ ಬಂತು ಅಂತಲೇ ಇಟ್ಕೊಳ್ಳಿ, ಹುರುಳಿ ಮಾತ್ರ ನಮ್ಮ ಮನೇದೇ. ಈ ಕಾಳಿಗೆ ವಯಸ್ಸು ಕಟ್ಟೋದು ಕಾರ್ಬನ್ ಡೇಟಿಂಗು, ಅದನ್ನ ಕಂಡುಹಿಡಿದ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂದಿದ್ದು ಕೆಮಿಸ್ಟ್ರಿಯಲ್ಲಿ, ಆದ್ರೆ ಅದರಿಂದ ತಲೆಕೆಳಗಾಗಿದ್ದು ಇತಿಹಾಸದ ಪುಸ್ತಕಗಳು! ಕೊನೇದಾಗಿ ಕಪ್ಪಗಲ್ಲು ಗುಡ್ಡದಲ್ಲಿ ಬಡಿದ್ರೆ ಠಣ್ ಅಂತ ಗಂಟೆ ಥರ ದನಿ ಕೊಡೋ ಬಂಡೆಗಳಿವೆ, ಬಡಿದು ಬಡಿದು ಗುಳಿ ಬಿದ್ದಿರೋದನ್ನ ನೋಡಿ ಹಳೇ ಕಾಲದವರು ಇದನ್ನ ಬಾರಿಸ್ತಿದ್ರು ಅಂತ ಹೇಳಿದಾರೆ. ಪಕ್ಕದಲ್ಲೇ ಕಲ್ಲು ಕ್ವಾರಿ, ಅದರ ವಿಷಯ ಮಾತಾಡಿದ್ರೆ ನಂಗೆ ಬಿಪಿ ಏರುತ್ತೆ, ಬಿಡಿ.

ಮಗಳಿಗೆ ಹೇಳಿ, ಗೈಡ್ ಆರಿಸ್ಕೊಳ್ಳೋವಾಗ ಅವರು ಫೀಲ್ಡಿಗೆ ಹೋಗ್ತಾರಾ ಅಂತ ಮೊದ್ಲು ವಿಚಾರಿಸಲಿ.

ಪ್ರಶ್ನೆ: ಸರ್, ಒಬ್ಬ ವಿಜ್ಞಾನಿ ಜೀವನಪೂರ್ತಿ ಒಂದೇ ಜಾತಿ ಹುಳದ ಮೇಲೆ ಸಂಶೋಧನೆ ಮಾಡ್ತಾರೆ ಅಂತ ಕ್ಲಾಸಲ್ಲಿ ಹೇಳಿದ್ರು. ಬೋರ್ ಆಗಲ್ವಾ? ಅದರಿಂದ ಏನು ಯೂಸು?
– ಬಿಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಮೇಡಂ ಹೇಳಿದ್ದು ಬೆಂಗಳೂರಿನ ಐಐಎಸ್ಸಿಯ ರಾಘವೇಂದ್ರ ಗದಗ್‌ಕರ್ ಅವರ ಬಗ್ಗೆನೇ ಇರ್ಬೇಕು. ಅವರ ಹುಳ ರೋಪಾಲಿಡಿಯ ಮಾರ್ಜಿನೇಟ, ನಮ್ಮ ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟೋ ಕಣಜ, ನಾವಾದ್ರೆ ನೋಡಿದ ತಕ್ಷಣ ಪೊರಕೆ ಹುಡುಕ್ತೀವಿ. ಒಂದೊಂದು ಕಣಜದ ಬೆನ್ನಿಗೂ ಬೇರೆ ಬೇರೆ ಬಣ್ಣದ ಚುಕ್ಕಿ ಇಟ್ಟು, ಯಾವುದು ಯಾವಾಗ ಏನು ಮಾಡ್ತು ಅಂತ ಗಂಟೆಗಟ್ಟಲೆ ಕೂತು ಬರ್ಕೊಳ್ಳೋದು, ಇದೇ ಇವರ ಲ್ಯಾಬು.

ಈ ಜಾತಿಯಲ್ಲಿ ರಾಣಿ ಪಾಪ ತುಂಬಾ ಸಾಧು, ಯಾರ ಮೇಲೂ ಜೋರು ಮಾಡಲ್ಲ, ನೋಡಿದ್ರೆ ರಾಣಿ ಅಂತ ಗೊತ್ತೂ ಆಗಲ್ಲ. ಅವಳನ್ನ ತೆಗೆದುಬಿಟ್ರೆ ಕೆಲಸದವರಲ್ಲಿ ಒಬ್ಬಳು ಸಡನ್ನಾಗಿ ರೌಡಿ ಥರ ಎಲ್ರ ಮೇಲೂ ಬೀಳ್ತಾಳೆ, ರಾಣಿನ ವಾಪಸ್ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಣ್ಣಗಾಗ್ತಾಳೆ, ಬಿಡದೇ ಇದ್ರೆ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆ ಇಡೋಕೆ ಶುರು ಮಾಡಿ ಹೊಸ ರಾಣಿ ಆಗ್ತಾಳೆ, ಅಷ್ಟೊತ್ತಿಗೆ ಜೋರೂ ಕಮ್ಮಿಯಾಗಿರುತ್ತೆ. ಮುಂದೆ ಯಾರು ಅನ್ನೋದು ನೋಡೋ ನಮಗೆ ಮೊದಲೇ ತಿಳಿಯಲ್ಲ, ಗೂಡಿನವರಿಗೆ ಗೊತ್ತಿರುತ್ತೆ. ಇದೆಲ್ಲದರ ಹಿಂದಿರೋ ದೊಡ್ಡ ಪ್ರಶ್ನೆ ಏನಪ್ಪ ಅಂದ್ರೆ, ತನ್ನ ಮಕ್ಕಳನ್ನ ಬಿಟ್ಟು ಇನ್ನೊಬ್ಬಳ ಮಕ್ಕಳನ್ನ ಸಾಕೋ ಬುದ್ಧಿ ಪ್ರಕೃತಿಯಲ್ಲಿ ಹೇಗೆ ಉಳ್ಕೊಂತು? ಡಾರ್ವಿನ್‌ಗೂ ತಲೆ ಕೆಡಿಸಿದ ಪ್ರಶ್ನೆ ಇದು. ಇದಕ್ಕೆ ಎರಡು ವರ್ಷದ ಪ್ರಾಜೆಕ್ಟ್ ಸಾಲಲ್ಲ.

ಅಂದಹಾಗೆ ಇದೇ ಗದಗ್‌ಕರ್ ಅವರು 2004ರಲ್ಲಿ ಐಐಎಸ್ಸಿ ಒಳಗೇ ಸಮಕಾಲೀನ ಅಧ್ಯಯನ ಕೇಂದ್ರ ಅಂತ ಒಂದು ಶುರು ಮಾಡಿ, ತತ್ವಶಾಸ್ತ್ರದವರು, ಇತಿಹಾಸದವರು, ಕಲಾವಿದರು ಎಲ್ರನ್ನೂ ಇಂಜಿನಿಯರುಗಳ ಮಧ್ಯೆ ಕರೆಸಿ ಕೂರಿಸಿದ್ರು. ಕಣಜ ನೋಡಿ ನೋಡಿ ಬೋರ್ ಆದವರು ಮಾಡೋ ಕೆಲಸ ಅಲ್ಲ ಅದು.

ಪ್ರಶ್ನೆ: ಗಣಿತದಲ್ಲಿ ಎಲ್ಲ ಕಂಡುಹಿಡಿದಾಗಿದೆಯಲ್ಲ, ಇನ್ನೇನು ಸಂಶೋಧನೆ? ಕಂಪ್ಯೂಟರ್ ಇದೆ, ಚೆಕ್ ಮಾಡಿದ್ರೆ ಮುಗೀತು.
– ನಿವೃತ್ತ ಬ್ಯಾಂಕ್ ನೌಕರರು, ಶಿರಸಿ

ಉತ್ತರ: ಬ್ಯಾಂಕಿನವರು ಲೆಕ್ಕದಲ್ಲಿ ಇಷ್ಟು ಧೈರ್ಯ ಮಾಡಬಾರದು ಸ್ವಾಮಿ. 2ಕ್ಕಿಂತ ದೊಡ್ಡದಾದ ಯಾವ ಸಮಸಂಖ್ಯೆನಾದ್ರೂ ಎರಡು ಅವಿಭಾಜ್ಯ ಸಂಖ್ಯೆ ಕೂಡಿಸಿ ಮಾಡಬಹುದು ಅಂತ 1742ರಲ್ಲಿ ಗೋಲ್ಡ್‌ಬಾಕ್ ಅನ್ನೋನು ಆಯ್ಲರ್‌ಗೆ ಬರೆದ ಕಾಗದದಿಂದ ಒಂದು ಪ್ರಶ್ನೆ ಹುಟ್ಕೊಂತು. 10 ಅಂದ್ರೆ 3 ಮತ್ತು 7, 28 ಅಂದ್ರೆ 5 ಮತ್ತು 23, ಹೀಗೆ. ಕಂಪ್ಯೂಟರಲ್ಲಿ 4ರ ಮುಂದೆ 18 ಸೊನ್ನೆ ಹಾಕಿದ್ರೆ ಬರೋ ಸಂಖ್ಯೆ ತನಕ ಚೆಕ್ ಮಾಡಿಯಾಗಿದೆ, ಒಂದೂ ತಪ್ಪಿಲ್ಲ. ಆದ್ರೂ ಗಣಿತದೋರು ಒಪ್ಪಲ್ಲ, ಎಲ್ಲ ಸಂಖ್ಯೆಗೂ ಸಾಬೀತು ಮಾಡಿದ್ದು ಎಲ್ಲಿ ಅಂತಾರೆ.

ಹಟ ಅನ್ಸುತ್ತಾ? ಪೋಲ್ಯ ಅನ್ನೋರು 1919ರಲ್ಲಿ ಅವಿಭಾಜ್ಯ ಅಪವರ್ತನಗಳ ಬಗ್ಗೆ ಇಂಥದ್ದೇ ಒಂದು ಊಹೆ ಹೇಳಿದ್ರು, ಎಷ್ಟು ಪರೀಕ್ಷೆ ಮಾಡಿದ್ರೂ ಸರಿ ಬರ್ತಿತ್ತು. 1958ರಲ್ಲಿ ಅದು ಸುಳ್ಳು ಅಂತ ಸಾಬೀತಾಯ್ತು, ಮೊದಲ ಸಲ ಕೈಕೊಡೋದು ಎಲ್ಲಿ ಅಂತ 1980ರಲ್ಲಿ ಗೊತ್ತಾಯ್ತು, 90,61,50,257ರಲ್ಲಿ. ತೊಂಬತ್ತು ಕೋಟಿ ದಾಟೋ ತನಕ ಸಾಧುವಾಗಿದ್ದು ಆಮೇಲೆ ಬಣ್ಣ ಬದಲಾಯಿಸಿದೆ! ಇಷ್ಟು ಕೋಟಿ ಸಲ ಪ್ರಯೋಗ ಒಂದೇ ಉತ್ತರ ಕೊಟ್ಟಿದ್ರೆ ಔಷಧ ಪರೀಕ್ಷೆ ಮಾಡೋರು ಕುಣಿದಾಡ್ತಿದ್ರು. ಶಾಸನ ಓದೋರ ಪುರಾವೆ ಇನ್ನೊಂದು ಥರ. ಹಲ್ಮಿಡಿ ಶಾಸನದಲ್ಲಿ ಇಸವಿನೇ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನ ಬೆಳಕಿಗೆ ತಂದ್ಮೇಲೆ ಅಕ್ಷರದ ಆಕಾರ, ಅದರಲ್ಲಿ ಬರೋ ಕದಂಬ ರಾಜನ ಹೆಸರು ಇವನ್ನೆಲ್ಲ ಇಟ್ಕೊಂಡು ಸುಮಾರು ಕ್ರಿ.ಶ. 450 ಅಂದ್ರು. ಈಗ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಿಂದಿಂದು, ಸುಮಾರು 370ರದ್ದು ಅಂತ ಪುರಾತತ್ವ ಇಲಾಖೆ ಹೇಳಿದೆ. ಇನ್ನೊಂದು ಕಲ್ಲು ಸಿಕ್ರೆ ಮತ್ತೆ ಬದಲಾಗಬಹುದು, ಅದರಿಂದ ಶಾಸನದವರಿಗೆ ಅವಮಾನ ಏನಿಲ್ಲ. ನಾನು ಗಣಿತ ಮೇಲೋ ಇತಿಹಾಸ ಮೇಲೋ ಅಂತ ಕೇಳೋರಿಗೆ ವಾಪಸ್ ಕೇಳೋದು ಒಂದೇ, ಇಲ್ಲಿ ಏನನ್ನ ಪುರಾವೆ ಅಂತ ಒಪ್ತಾರೆ ಹೇಳಿ, ಆಮೇಲೆ ಮೇಲು ಕೆಳಗು ಮಾತಾಡೋಣ.

ಪ್ರಶ್ನೆ: ಫಿಸಿಕ್ಸ್ ಪೇಪರ್ ಒಂದಕ್ಕೆ ಸಾವಿರಾರು ಲೇಖಕರು ಇರ್ತಾರೆ ಅಂತ ಓದಿದೆ, ಸುಳ್ಳು ತಾನೆ? ನಾನು ಕನ್ನಡ ಎಂ.ಎ., ನಮ್ಮಲ್ಲಿ ಇಬ್ಬರು ಸೇರಿ ಬರೆದ್ರೇ ಯಾರು ಎಷ್ಟು ಬರೆದ್ರು ಅಂತ ಕೇಳ್ತಾರೆ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಸುಳ್ಳಲ್ಲಪ್ಪ. 2015ರ ಮೇ ತಿಂಗಳಲ್ಲಿ ಹಿಗ್ಸ್ ಕಣದ ರಾಶಿ ಎಷ್ಟು ಅಂತ ಅಳೆದ ಪೇಪರ್ ಬಂತು, ಲೇಖಕರು 5,154 ಜನ. 33 ಪುಟದಲ್ಲಿ ವಿಷಯ ಇದ್ದದ್ದು 9 ಪುಟ, ಮಿಕ್ಕ 24 ಪುಟ ಬರೀ ಹೆಸರು ಮತ್ತೆ ಅವರವರ ಸಂಸ್ಥೆ. ಮದುವೆ ಆಮಂತ್ರಣದಲ್ಲಿ ಸುಖಾಗಮನ ಬಯಸುವವರ ಪಟ್ಟಿ ಇರುತ್ತಲ್ಲ, ಅದೇ. ಮಷೀನ್ ಕಟ್ಟಿದವರು, ಡೇಟಾ ಕಾಯ್ದವರು, ಪ್ರೋಗ್ರಾಂ ಬರೆದವರು ಯಾರನ್ನೂ ಬಿಡೋ ಹಾಗಿಲ್ಲ, ಎರಡು ದೊಡ್ಡ ತಂಡ ಬೇರೆ ಸೇರಿತ್ತು.

ನಮ್ಮ ಕಡೆ ಆರ್. ನರಸಿಂಹಾಚಾರ್ ಅವರು ಕವಿಚರಿತೆಯ ಮೂರು ಸಂಪುಟಗಳನ್ನ 1907, 1919, 1929ರಲ್ಲಿ ತಂದ್ರು, ಓಲೆಗರಿ ಓದಿ ಓದಿ ಸಾವಿರ ವರ್ಷದ ಕವಿಗಳನ್ನ ಸಾಲಾಗಿ ನಿಲ್ಲಿಸಿದ್ರು, ಮೇಲೆ ಹೆಸರಿರೋದು ಪ್ರಧಾನವಾಗಿ ಅವರದ್ದೇ. ಹಾಗಂತ ಸಾಹಿತ್ಯದವರೆಲ್ಲ ಒಂಟಿ ಸಲಗ ಅಂದ್ಕೋಬೇಡ. ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ನೋಡು, ಚೀಟಿ ಮೇಲೆ ಚೀಟಿ ಬರೆದು, ವಿಂಗಡಿಸಿ, ಪ್ರಯೋಗ ಹುಡುಕಿ ಸೇರಿಸಿದ ಎಷ್ಟೋ ಜನರ ಕೈ ಅದರಲ್ಲಿದೆ, ಮುಗಿಯೋಕೆ ದಶಕಗಳೇ ಹಿಡಿದವು. ಅವರೆಲ್ಲರ ಹೆಸರು ಹಾಕಿದ್ರೆ ನಮ್ಮಲ್ಲೂ ಪಟ್ಟಿ ಉದ್ದ ಇರ್ತಿತ್ತು.

ಪ್ರಶ್ನೆ: ಸೈನ್ಸ್‌ನವರಿಗೆ ಎಚ್-ಇಂಡೆಕ್ಸ್ ಮೂವತ್ತು ನಲವತ್ತು ಇರುತ್ತೆ. ಕನ್ನಡದಲ್ಲಿ ಬರೆಯೋ ನಮಗೆ ಎರಡು ಮೂರು ದಾಟಲ್ಲ. ಪ್ರಮೋಷನ್ ಫಾರ್ಮ್ ತುಂಬೋವಾಗ ನಾಚಿಕೆ ಆಗುತ್ತೆ.
– ಪದವಿ ಕಾಲೇಜು ಉಪನ್ಯಾಸಕಿ, ಹಾಸನ

ಉತ್ತರ: ಮೇಡಂ, ನಾಚಿಕೆ ಪಡಬೇಕಾದ್ದು ಆ ಫಾರ್ಮ್ ಮಾಡಿದವರು. ಎಚ್-ಇಂಡೆಕ್ಸ್ ಅನ್ನೋದನ್ನ 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಭೌತವಿಜ್ಞಾನಿಗಳನ್ನ ಅಳೆಯೋಕೆ ಅಂತ ಮಾಡಿದ್ದು. ನಿಮ್ಮ 20 ಪೇಪರನ್ನ ತಲಾ 20 ಸಲವಾದ್ರೂ ಬೇರೆಯವರು ಉಲ್ಲೇಖಿಸಿದ್ರೆ ನಿಮ್ಮದು 20. ಈಗ ಲೆಕ್ಕ ಹಾಕಿ, ಹದಿನೈದು ವರ್ಷ ಕೂತು ಒಂದೇ ಒಂದು ಒಳ್ಳೇ ಪುಸ್ತಕ ಬರೆದವರದ್ದು ಎಷ್ಟು? ಆ ಪುಸ್ತಕನ ಸಾವಿರ ಜನ ಉಲ್ಲೇಖ ಮಾಡಿದ್ರೂ ಒಂದೇ! ಅದರ ಮೇಲೆ ಈ ಎಣಿಕೆ ಮಾಡೋ ದೊಡ್ಡ ಡೇಟಾಬೇಸುಗಳಲ್ಲಿ ಇಂಗ್ಲಿಷ್ ಜರ್ನಲ್‌ಗಳದ್ದೇ ರಾಜ್ಯಭಾರ, ನಮ್ಮ ಕನ್ನಡದ ಅಭಿನಂದನ ಗ್ರಂಥದಲ್ಲೋ ಇತಿಹಾಸ ಅಕಾಡೆಮಿ ಸಂಪುಟದಲ್ಲೋ ಯಾರು ಯಾರನ್ನ ಉಲ್ಲೇಖ ಮಾಡಿದ್ರು ಅಂತ ಅವಕ್ಕೆ ಕಾಣೋದೇ ಇಲ್ಲ. ಗಣಿತದವರಿಗೂ ಇದೇ ಗೋಳು, ಅವರು ಬರೆಯೋದೂ ಕಮ್ಮಿ, ಉಲ್ಲೇಖಿಸೋದೂ ಕಮ್ಮಿ.

ಆದ್ರೆ ಒಂದು ಮಾತು ಬೇಜಾರಾದ್ರೂ ಹೇಳ್ತೀನಿ, ಕನ್ನಡದಲ್ಲಿ ಬರೆದದ್ದೆಲ್ಲ ಕಡೆಗಣಿಸಲ್ಪಟ್ಟ ರತ್ನ ಅಂತಲೂ ಅಲ್ಲ, ಅಡಿಟಿಪ್ಪಣಿ ಹಾಕದೆ, ಹಿಂದಿನವರ ಹೆಸರೆತ್ತದೆ ಬರೆಯೋ ಅಭ್ಯಾಸ ನಮ್ಮಲ್ಲಿ ಧಾರಾಳವಾಗಿದೆ. ಸದ್ಯಕ್ಕೆ ಫಾರ್ಮ್‌ನಲ್ಲಿ ಪುಸ್ತಕದ ಕಾಲಂ ಪೂರ್ತಿ ತುಂಬಿ, ನಿಮ್ಮ ಕೆಲಸವನ್ನ ಆಧಾರ ಮಾಡ್ಕೊಂಡ ಥೀಸಿಸ್‌ಗಳಿದ್ರೆ ಅದರ ಪುಟಗಳನ್ನ ಜೆರಾಕ್ಸ್ ಮಾಡಿ ಲಗತ್ತಿಸಿ, ಯಾರೂ ಕೇಳದಿದ್ರೂ ಪರವಾಗಿಲ್ಲ.

ಪ್ರಶ್ನೆ: ಪಿಎಚ್‌ಡಿ ಮುಗಿಯೋಕೆ ಎಷ್ಟು ವರ್ಷ ಬೇಕು? ಮನೇಲಿ ಮದುವೆ ಮಾತು ನಡೀತಿದೆ.
– ಹೆಸರು ಬೇಡ ಸಾರ್, ತುಮಕೂರು

ಉತ್ತರ: ಯುಜಿಸಿಯ 2022ರ ನಿಯಮದಲ್ಲಿ ಕಡಿಮೆ ಅಂದ್ರೆ 3 ವರ್ಷ, ಜಾಸ್ತಿ ಅಂದ್ರೆ 6 ವರ್ಷ, ಮತ್ತೆ ರಿಜಿಸ್ಟರ್ ಮಾಡಿಸಿದ್ರೆ ಇನ್ನೆರಡು. ಹುಡುಗಿ ಮನೆಯವರಿಗೆ ಮೂರು ಅನ್ನಿ, ನೀವು ಮಾತ್ರ ಆರು ಅಂತಲೇ ಲೆಕ್ಕ ಇಟ್ಕೊಳ್ಳಿ. ಮಿಕ್ಕ ವಿಚಾರ ನಿಮ್ಮ ತಾಯಿಯವರನ್ನ ಕೇಳೋದು ಒಳ್ಳೇದು.