ಒಂದು ಲೀಟರ್ ಪೆಟ್ರೋಲ್ ಒಂದು ಕೆ.ಜಿ.ಯೂ ತೂಗುವುದಿಲ್ಲ. ಅದರಿಂದ 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೇಗೆ ಬರುತ್ತದೆ?

ಹೆಚ್ಚುವರಿ ತೂಕ ಗಾಳಿಯದು. ಪೆಟ್ರೋಲ್ ಸುಮ್ನೆ ಉರಿಯುವುದಿಲ್ಲ, ಅದಕ್ಕೆ ಆಮ್ಲಜನಕ ಬೇಕು ಅಲ್ವಾ? ಅದನ್ನು ಎಂಜಿನ್ ಹೊರಗಿನಿಂದ ಎಳೆದುಕೊಳ್ಳುತ್ತದೆ.

ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ಇರುತ್ತದೆ. ಅದರಲ್ಲಿ 640 ಗ್ರಾಂನಷ್ಟು ಬರೀ ಇಂಗಾಲ. ಉರಿಯುವಾಗ ಇಂಗಾಲದ ಒಂದೊಂದು ಪರಮಾಣುವೂ ಆಮ್ಲಜನಕದ ಎರಡು ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ. ಇಂಗಾಲದ ತೂಕ 12 ಎಂದಿಟ್ಟುಕೊಂಡರೆ, ಬಂದು ಸೇರಿದ ಆಮ್ಲಜನಕದ್ದು 32. ಒಟ್ಟು 44, ಅಂದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ. ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ನೀರಾವಿಯಾಗಿ ಹೋಗುತ್ತದೆ.

ಡೀಸೆಲ್ ಇನ್ನೂ ದಟ್ಟ. ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ 2.6 ಕೆ.ಜಿ. ದಾಟುತ್ತದೆ.

ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದನ್ನು ತಡೆಯುವುದಿಲ್ಲ. ಅದು ಕಾರ್ಬನ್ ಮೊನಾಕ್ಸೈಡನ್ನೂ ಇದೇ ಅನಿಲವಾಗಿ ಬದಲಾಯಿಸಿ ಹೊರಗೆ ಬಿಡುತ್ತದೆ!