ವಿ-ಕ್ರಾಸ್ ಎತ್ತರಿಸಲು ಸ್ಪೇಸರ್ ಸಾಕಾ?

ನಿಮ್ಮ ಹಳೇ ಇಸುಜು ವಿ-ಕ್ರಾಸ್ ಪಿಕಪ್ ಅನ್ನು ಕಮ್ಮಿ ಖರ್ಚಿನಲ್ಲಿ 2 ಇಂಚು ಎತ್ತರಿಸಬೇಕು, ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರಿಸುವ ದಪ್ಪ ಬಿಲ್ಲೆ) ಸಾಕಾ ಅಂತ ಕೇಳಿದ್ದೀರಿ. ಪಾಂಡವಪುರದ ಕಡೆ ನಾಲೆ ಏರಿ, ಕಬ್ಬಿನ ಗದ್ದೆ ದಾರಿ ಅಷ್ಟೇ ಅಲ್ವಾ? ಹಾಗಾದರೆ ಮುಂದಕ್ಕೆ ಸ್ಪೇಸರ್ ಸಾಕು. ಆದರೆ 2 ಇಂಚು ಬೇಡ, ಒಂದೂವರೆಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿಯಾದರೆ ಮುಂದಿನ ಚಕ್ರದ ಕೀಲಾದ ಬಾಲ್ ಜಾಯಿಂಟ್, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಳೆದುಕೊಂಡು ನಿಲ್ಲುತ್ತವೆ, ಬೇಗ ಸವೆಯುತ್ತವೆ.

ದುಡ್ಡು ಉಳಿಸಿ ಹಿಂದಕ್ಕೆ ಹಾಕಿ. ಅಲ್ಲಿರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಅದಕ್ಕೂ ಆಕ್ಸಲ್‌ಗೂ ನಡುವೆ ಬ್ಲಾಕ್ (ಲೋಹದ ತುಂಡು) ಇಟ್ಟರೆ ಎತ್ತರ ಬರುತ್ತದೆ, ಭಾರ ಹೊರುವ ಶಕ್ತಿ ಬರುವುದಿಲ್ಲ. ಗೊಬ್ಬರದ ಮೂಟೆ ಹೇರುವವರಿಗೆ ಆ ಪಟ್ಟಿಗಳಿಗೆ ಇನ್ನೊಂದು ಪ್ಲೇಟ್ ಸೇರಿಸುವುದೇ ಸರಿ. ಖಾಲಿ ಗಾಡಿ ಸ್ವಲ್ಪ ಕುಲುಕುತ್ತದೆ, ಸಹಿಸಿಕೊಳ್ಳಬೇಕು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಹೊಸದೇ ಹಾಕಿಸಿ, ಹಳೆಯದನ್ನು ಮತ್ತೆ ಬಿಗಿಯಲು ಬಿಡಬೇಡಿ. ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಇನ್ನೊಂದು ವಿಷಯ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಕಲ್ಲಿಗೆ ತಾಗುತ್ತಿದ್ದರೆ ಸುಮ್ನೆ ಲಿಫ್ಟ್ ಮಾಡಿಸಬೇಡಿ. ಅದು ಚಕ್ರದ ಜೊತೆಗೇ ಇರುತ್ತದೆ, ದೊಡ್ಡ ಟೈರ್ ಹಾಕಿದರೆ ಮಾತ್ರ ಏರುತ್ತದೆ. ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೆಳಕ್ಕೆ ಹೊಂದಿಸಿ.