ತುಳಿಯುವುದು ನಿಲ್ಲಿಸಿದೊಡನೆ ಸೈಕಲ್ ಚೈನ್ ಜೋತು ಬೀಳುವುದೇಕೆ?

ಹೊಸ ಚೈನ್ ಹಾಕಿದರೂ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಹೋಗುವಾಗ ಚೈನಿನ ಮೇಲ್ಭಾಗ ಜೋತು ಫ್ರೇಮಿಗೆ ಬಡಿಯುತ್ತದೆ, ಒಂದೆರಡು ಕೊಂಡಿ ತೆಗೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ತೆಗೆಯಬೇಡಿ. ತುಳಿಯುವಾಗ ಬಿಗಿಯಾಗಿದ್ದು ಕಾಲು ನಿಂತಾಗ ಮಾತ್ರ ಸಡಿಲವಾಗುವ ಚೈನ್ ಕಂಡರೆ ನನಗೆ ಮೊದಲು ಅನುಮಾನ ಬರುವುದು ಹಿಂದಿನ ಚಕ್ರದ ಫ್ರೀಹಬ್ ಮೇಲೆ, ಅಂದರೆ ತುಳಿದಾಗ ಚಕ್ರವನ್ನು ಹಿಡಿದು, ಕಾಲು ನಿಂತಾಗ ಬಿಟ್ಟುಕೊಡುವ ಭಾಗದ ಮೇಲೆ.

ಕಾಲು ನಿಂತಾಗ ಚಕ್ರ ತಿರುಗುತ್ತಿರಬೇಕು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ನಿಲ್ಲಬೇಕು. ಫ್ರೀಹಬ್ ಒಳಗೆ ಹಿಡಿದುಕೊಂಡರೆ ಚಕ್ರ ಕ್ಯಾಸೆಟ್ಟನ್ನೂ ಜೊತೆಗೆ ಎಳೆಯುತ್ತದೆ. ಆಗ ಚೈನ್ ಮೇಲಿನಿಂದ ಮುಂದಕ್ಕೆ ತಳ್ಳಲ್ಪಡುತ್ತದೆ, ಹಿಂದೆ ಗೇರ್ ಬದಲಿಸುವ ಡಿರೈಲರಿನ, ಚೈನನ್ನು ಬಿಗಿಯಾಗಿಡುವ ತೋಳು ಮುಂದಕ್ಕೆ ವಾಲುತ್ತದೆ.

ಚಕ್ರ ಬಿಚ್ಚಿ, ಕ್ಯಾಸೆಟ್ಟನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಟಿಕ್ ಟಿಕ್ ಸದ್ದಿನೊಂದಿಗೆ ಸಲೀಸಾಗಿ ತಿರುಗಬೇಕು. ಬಿಗಿಯೆನಿಸಿದರೆ, ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ, ದೋಷ ಅಲ್ಲೇ. ಸೈಕಲ್ಲಿನ ಹಿಂಭಾಗ ಎತ್ತಿ ಚಕ್ರ ತಿರುಗಿಸಿದಾಗ ಪೆಡಲ್ ತಾನೇ ನಿಧಾನವಾಗಿ ತಿರುಗುವುದನ್ನು ಮಾತ್ರ ದೋಷವೆನ್ನಬೇಡಿ. ಧೂಳು, ನೀರು ತಡೆಯುವ ಸೀಲಿನ ಸಣ್ಣ ಎಳೆತಕ್ಕೂ ಅಷ್ಟಾಗುತ್ತದೆ.

ಹೆಚ್ಚಾಗಿ ಕಾರಣ ಕೊಳೆ, ಒಣಗಿ ಅಂಟಾದ ಗ್ರೀಸ್ ಅಥವಾ ನೀರು ನುಗ್ಗಿ ತುಕ್ಕು ಹಿಡಿದ ಬೇರಿಂಗ್. ಕ್ಯಾಸೆಟ್ ಹಿಂದಿನ ಪ್ಲಾಸ್ಟಿಕ್ ತಟ್ಟೆ ಬಾಗಿ ಕಡ್ಡಿಗಳಿಗೂ ಕ್ಯಾಸೆಟ್ಟಿಗೂ ಒಟ್ಟಿಗೆ ಉಜ್ಜುತ್ತಿದೆಯೇ ಎಂದೂ ನೋಡಿ, ಹಲವರಿಗೆ ಇದು ಹೊಳೆಯುವುದೇ ಇಲ್ಲ. ಕೈಯಲ್ಲಿ ಸಲೀಸಾಗಿದ್ದದ್ದು ಫ್ರೇಮಿಗೆ ಹಾಕಿ ಬಿಗಿಗೊಳಿಸಿದ ಮೇಲೆ ಹಿಡಿಯುತ್ತದೆಯೇ? ಇಡಿಯಾಗಿ ಕೂರಿಸುವ ಕಾರ್ಟ್ರಿಜ್ ಬೇರಿಂಗಿನ ಹಬ್ (ಚಕ್ರದ ನಡುಭಾಗ) ಆದರೆ ಒಳಗಿನ ಸಣ್ಣ ಸ್ಪೇಸರ್ (ಅಂತರ ಕಾಯುವ ಬಳೆ) ಬಿಟ್ಟುಹೋಗಿ ಬೇರಿಂಗ್ ಪಕ್ಕದಿಂದ ಒತ್ತುತ್ತಿರಬಹುದು.

ಶುಚಿ ಮಾಡಲು ಕ್ಯಾಸೆಟ್ಟನ್ನು ಬಿಗಿದಿಡುವ ಲಾಕ್‌ರಿಂಗ್ ಬಿಚ್ಚುವ ಸಾಧನ, ಕ್ಯಾಸೆಟ್ ಹಿಡಿಯಲು ಚೈನ್ ವಿಪ್ (ಚೈನ್ ತುಂಡಿರುವ ಹಿಡಿಕೆ) ಬೇಕು. ಕ್ಯಾಸೆಟ್ ತೆಗೆದು ಫ್ರೀಹಬ್ ಬಿಚ್ಚಿ. ಅನೇಕ ಹಬ್‌ಗಳಲ್ಲಿ ಅದು ಕೈಯಿಂದ ಎಳೆದರೆ ಬರುತ್ತದೆ. ಎಳೆಯುವಾಗ ಪುಟಾಣಿ ಸ್ಪ್ರಿಂಗುಗಳು ಹಾರದಂತೆ ಕೆಳಗೆ ಬಟ್ಟೆ ಹಾಸಿಕೊಳ್ಳಿ. ಒಳಗಿನ ಹಲ್ಲುಗಳನ್ನು ಹಿಡಿಯುವ ಪುಟ್ಟ ಕೊಕ್ಕೆಗಳಾದ ಪಾಲ್‌ಗಳನ್ನೂ ಅವು ಕೂರುವ ಗುಳಿಗಳನ್ನೂ ಒರೆಸಿ, ತೆಳುವಾದ ಫ್ರೀಹಬ್ ಗ್ರೀಸನ್ನು ಸ್ವಲ್ಪವೇ ಸವರಿ. ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸ್ ಬೇಡ. ಪಾಲ್‌ಗಳು ಅಂಟಿಕೊಂಡು ಮೇಲೇಳದಿದ್ದರೆ, ಎದ್ದು ನಿಂತು ತುಳಿಯುವಾಗ ಪೆಡಲ್ ಜಾರಿ ಬೀಳುತ್ತೀರಿ. ಮತ್ತೆ ಜೋಡಿಸುವಾಗ ಲಾಕ್‌ರಿಂಗಿಗೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಬಿಗಿ.

ಫ್ರೀಹಬ್ ಚೆನ್ನಾಗಿದ್ದರೆ ಡಿರೈಲರಿಗೆ ಬನ್ನಿ. ತೋಳನ್ನು ಮುಂದಕ್ಕೆ ಎಳೆದು ಬಿಡಿ. ಚಟ್ಟನೆ ಹಿಂದಕ್ಕೆ ಬರಬೇಕು. ಅದರ ಎರಡು ಪುಟ್ಟ ಚಕ್ರಗಳು ಬೆರಳಿನಿಂದ ತಳ್ಳಿದರೆ ತಿರುಗಬೇಕು. ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿದಾಗ ಚೈನಿನ ಯಾವುದೋ ಒಂದೇ ಜಾಗ ಬಂದಾಗೆಲ್ಲ ತೋಳು ಕುಪ್ಪಳಿಸಿದರೆ ಅಲ್ಲೊಂದು ಕೊಂಡಿ ಬಿಗಿಯಾಗಿದೆ. ಹೊಸ ಚೈನಿನಲ್ಲಿ ಅದು ಬಹುತೇಕ ಪಿನ್ ಹಾಕಿ ಜೋಡಿಸಿದ ಜಾಗವೇ. ಚೈನ್ ಉದ್ದದ ಪ್ರಶ್ನೆ ಬರುವುದು ಕೊನೆಗೆ: ಮುಂದೆ ಹಿಂದೆ ಎರಡೂ ಕಡೆ ಅತಿ ಚಿಕ್ಕ ಹಲ್ಲುಚಕ್ರದಲ್ಲಿ, ಸೈಕಲ್ ನಿಂತಿರುವಾಗಲೇ ಕೆಳಗಿನ ಚೈನ್ ಜೋಲುತ್ತಿದ್ದರೆ ಮಾತ್ರ ಅದು ಉದ್ದವಾಗಿರಬಹುದು.

ಸರಿಯಾಗುವವರೆಗೆ ಇಳಿಜಾರಿನಲ್ಲಿ ವೇಗ ಬೇಡ. ಜೋತ ಚೈನ್ ಕಡ್ಡಿಗಳಿಗೆ ಸಿಕ್ಕರೆ ಡಿರೈಲರ್ ಮುರಿದು, ಹಿಂದಿನ ಚಕ್ರ ಅಲ್ಲೇ ಲಾಕ್ ಆಗಬಹುದು.